ಹಿಂದಕ್ಕೆ ಕೊಟ್ಟ ನಿರೋಪ

ಚಿಂತಾಕಿಯ ಧೊಂಡಿಬಾನಿಗೆ ಸಿಡುಬು ಬಂದು ಎರಡೂ ಕಣ್ಣು ಹೋದಾಗ ಅವನಿನ್ನೂ ಅವ್ವನ ಸೆರಗು ಬಿಟ್ಟಿರಲಿಲ್ಲ. ಊರವರು ಬಂದು ಲೊಚಗುಟ್ಟಿ, ಎಲೆ ಅಡಿಕೆ ಹಾಕಿಕೊಂಡು ಹೋದರು. ಕುರಿ ಕಾಯುವವರ ಮನೆಯಲ್ಲಿ ಕುರುಡ ಮಗನಿದ್ದರೆ ಕಾಯುವವನನ್ನೇ ಕಾಯಬೇಕಲ್ಲ ಎಂದು ಒಬ್ಬ ಹಿರಿಯ ನಕ್ಕನಂತೆ. ಅವ್ವ ಭೀಮಬಾಯಿ ಆ ನಗೆಯನ್ನು ಸಾಯುವ ತನಕ ಮರೆಯಲಿಲ್ಲ. ಅಳುವ ಕೆಲಸವನ್ನು ಬೇಗ ಮುಗಿಸಿ ಮಗನ ಕೈಗೆ ಉಣ್ಣೆ ಕೊಟ್ಟಳು, ತಕಲಿ ಕೊಟ್ಟಳು, ಕಿವಿಗೆ ಬೇಕಾದಷ್ಟು ಮಾತು ಕೊಟ್ಟಳು. ಹುಡುಗ ನೂಲುವುದನ್ನು ಕಲಿತ. ಒಮ್ಮೆ ಕೇಳಿದ ಮಾತನ್ನು ಮರೆಯುತ್ತಲೇ ಇರಲಿಲ್ಲ.

ಮಳೆಗಾಲ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಮಾಂಜ್ರಾ ನದಿ ದಾಟಿ ಹೋಗುವ ಗಂಡಸರು ಮತ್ತೆ ಮನೆಯ ಮುಖ ನೋಡುವುದು ಎಷ್ಟೋ ತಿಂಗಳಿಗೆ. ಅಲ್ಲಿಯವರೆಗೆ ಹುಟ್ಟು, ಸಾವು, ಲಗ್ನ ಯಾವುದೂ ಅವರಿಗಾಗಿ ಕಾಯುವುದಿಲ್ಲ. ಅದಕ್ಕೇ ಅವರಲ್ಲಿ ಒಂದು ಪದ್ಧತಿ ಇತ್ತು. ಮನೆಯಿಂದ ಅಡವಿಗೆ, ಅಡವಿಯಿಂದ ಮನೆಗೆ ಸುದ್ದಿ ಒಯ್ಯಲು ಒಬ್ಬನನ್ನು ನೇಮಿಸುತ್ತಿದ್ದರು. ಆ ಸುದ್ದಿಗೆ ನಿರೋಪ ಎನ್ನುತ್ತಾರೆ. ಮೊದಲು ಒಯ್ಯುವವನ ನಾಲಿಗೆಯ ಮೇಲೆ ಖಾನಾಪುರದ ಮೈಲಾರ ಮಲ್ಲಣ್ಣನ ಭಂಡಾರ, ಅಂದರೆ ದೇವರ ಅರಿಷಿಣ, ಒಂದು ಚಿಟಿಕೆ ಇಡಬೇಕು. ಆಮೇಲೆ ಮಾತು ಹೇಳಬೇಕು. ಭಂಡಾರ ಮುಟ್ಟಿದ ನಾಲಿಗೆ ಆ ಮಾತಿಗೆ ಒಂದಕ್ಷರ ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ. ಯಾರ ಹೆಸರಿಗೆ ಕೊಟ್ಟಿದೆಯೋ ಅವರನ್ನು ಬಿಟ್ಟು ಇನ್ನೊಬ್ಬರ ಮುಂದೆ ಸಾಯುವ ತನಕ ಬಾಯಿ ಬಿಡುವ ಹಾಗಿಲ್ಲ. ಮುಟ್ಟಿಸಲು ಆಗದಿದ್ದರೆ ಕೊಟ್ಟವನ ಹತ್ತಿರವೇ ತಿರುಗಿ ಬಂದು ಹಿಂದಕ್ಕೆ ಕೊಡಬೇಕು. ನದಿಗೆ ಪೂರ ಬಂದಾಗ ಹಾಗೆ ಕೊಟ್ಟವರುಂಟು. ಬೇರೆ ಕಾರಣಕ್ಕೆ ಕೊಟ್ಟವರನ್ನು ಚಿಂತಾಕಿಯಲ್ಲಿ ಯಾರೂ ಕಂಡಿರಲಿಲ್ಲ.

ಧೊಂಡಿಬಾ ಬೆಳೆದು ನಿರೋಪದವನಾದ. ಕಣ್ಣಿಲ್ಲದವನು ಅಷ್ಟು ದೂರ ಹೇಗೆ ತಿರುಗುತ್ತಾನೆ ಎಂದು ಕೇಳುವವರಿಗೆ ಉತ್ತರ ಸಲೀಸು: ಆ ಕಾಲದಲ್ಲಿ ಕೈ ಹಿಡಿಯುವವರಿದ್ದರು. ಹೆಗಲ ಮೇಲೆ ಮಾರುವ ಕಂಬಳಿ ಹಾಕಿಕೊಂಡು, ಕೋಲು ಊರಿಕೊಂಡು, ಔರಾದ, ಭಾಲ್ಕಿ, ಬೀದರ ಮೂರೂ ಸಂತೆಗಳನ್ನು ಅವನು ತಿರುಗುತ್ತಿದ್ದ.

ಅಂಥ ಒಂದು ಭಾಲ್ಕಿ ಸಂತೆಯಲ್ಲಿ ಜ್ಞಾನೇಶ್ವರ ಮಾಸ್ತರನಿಗೆ ಇವನು ಸಿಕ್ಕ. ನಿಜಾಮನ ಕಾಲ ಅದು. ಕಣದಲ್ಲಿದ್ದ ಜೋಳವನ್ನು ಲೆವಿ ಎಂದು ಅಳೆದುಕೊಂಡು ಹೋಗುತ್ತಿದ್ದರು. ಬಿಟ್ಟಿ ಚಾಕರಿಗೆ ಬರದವನ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಮಾಸ್ತರ ಸಾಲೆಯ ನೌಕರಿ ಕಳೆದುಕೊಂಡು ಕಮ್ಯುನಿಸ್ಟನಾಗಿದ್ದ. ಅವನ ಜನ ಕಾಗದ ಒಯ್ಯುವಾಗ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರು. ಕುರುಡನ ತಲೆಯೊಳಗೆ ಯಾವ ಪೋಲೀಸ ಝಡತಿ ಮಾಡಿ ಹುಡುಕುತ್ತಾನೆ? ಮಾಸ್ತರ ಇವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಉಳುವವನಿಗೇ ಹೊಲ ಎಂಬ ಮಾತು ಹೇಳಿದ. ಧೊಂಡಿಬಾನಿಗೆ ಆ ಮಾತು ಹಿಡಿಸಿತು. ಅದಕ್ಕಿಂತ ಹೆಚ್ಚು ಹಿಡಿಸಿದ್ದು ಮಾಸ್ತರ ತನ್ನನ್ನು ಕಾಮ್ರೇಡ್ ಎಂದು ಕರೆದದ್ದು. ಊರಲ್ಲಿ ಅವನ ಹೆಸರು ಕುರುಡ್ಯಾ ಎಂದೇ ಇತ್ತು.

"ಭಂಡಾರ ಇಡ್ರಿ ಮಾಸ್ತರ್ರ, ಆಮ್ಯಾಲ ನಿರೋಪ ಕೊಡ್ರಿ," ಎಂದ ಮೊದಲ ದಿನವೇ.

ಮಾಸ್ತರ ಬಿದ್ದು ಬಿದ್ದು ನಕ್ಕ. "ದೇವರಿಲ್ಲ ಅನ್ನೋವನ ಕೈಲೆ ದೇವರ ಆಣಿ ಇಡಸ್ತಿ ಏನೋ!"

"ನಿಮಗ ಇಲ್ಲಂದ್ರ ಇಲ್ಲ ಬಿಡ್ರಿ. ನಾಲಿಗಿ ನಂದು ಅದಲ್ಲ."

ಮಾಸ್ತರ ನಗುತ್ತಲೇ ಇಟ್ಟ. ಅಂದಿನಿಂದ ಪ್ರತಿ ಸಲವೂ ಇಟ್ಟ. ತಾನು ನಂಬದ ಆಣೆಯನ್ನು ನಂಬಿ ಇಡೀ ಜಿಲ್ಲೆಯ ಗುಟ್ಟನ್ನು ಅದರ ಮೇಲೆ ಹೊರಿಸಿದ. ಕೆಲವೇ ತಿಂಗಳಲ್ಲಿ ಯಾರು ಎಲ್ಲಿ ಅಡಗಿದ್ದಾರೆ, ಯಾರ ಅಟ್ಟದಲ್ಲಿ ಬಂದೂಕಿದೆ ಎಲ್ಲ ಧೊಂಡಿಬಾನ ಹೊಟ್ಟೆಯಲ್ಲಿತ್ತು.

ಭಾಲ್ಕಿ ಟೇಶನ್ನಿನಲ್ಲಿ ಇವನ ಕೈ ಹಿಡಿದು ರೈಲು ಹತ್ತಿಸುವವನು ಬದ್ರೋದ್ದೀನ. ಹಳಿ ರಿಪೇರಿ ಮಾಡುವ ಗ್ಯಾಂಗಿನವನು, ರೈಲ್ವೆ ಯೂನಿಯನ್ನಿನವನು, ಮಾಸ್ತರನಿಗಿಂತ ಮೊದಲೇ ಕೆಂಪು ಬಾವುಟ ಹಿಡಿದವನು. ನಿಜಾಮನ ಪಕ್ಷದ ರಜಾಕಾರರ ಹಾವಳಿಯಲ್ಲಿ ಒಮ್ಮೆ ಅವರ ಕೈಗೆ ಧೊಂಡಿಬಾ ಸಿಕ್ಕ. "ಎಲ್ಲಿಗೆ ಹೊರಟಿದ್ದೀ, ಯಾರ ಮನುಷ್ಯ ನೀನು" ಎಂದು ಅವರು ಕೊರಳಪಟ್ಟಿ ಹಿಡಿದಾಗ ಬದ್ರೋದ್ದೀನ ಎಲ್ಲಿಂದಲೋ ಓಡಿ ಬಂದು ಇವನ ಕಪಾಳಕ್ಕೆ ಬಾರಿಸಿದ. "ಹಟ್ ಬೇ ಅಂಧೇ! ದಿನಾ ಬಂದು ಭಿಕ್ಷಾ ಬೇಡ್ತಾನ್ರಿ ಇವಾ, ಸಾಕಾಗ್ಯದ," ಎಂದು ಎಳೆದುಕೊಂಡು ಹೋಗಿ ಡಬ್ಬಿಯೊಳಗೆ ತಳ್ಳಿಬಿಟ್ಟ. ಆಮೇಲೆ ಎಷ್ಟೋ ದಿನ ಇಬ್ಬರೂ ಆ ಏಟನ್ನು ನೆನೆಸಿಕೊಂಡು ನಗುತ್ತಿದ್ದರು. "ಇಷ್ಟು ಜೋರ ಹೊಡೀಬೇಕೇನೋ ಮಾರಾಯ," ಎಂದು ಧೊಂಡಿಬಾ, "ಮೆಲ್ಲಗ ಹೊಡದಿದ್ರ ಅವರು ಹೊಡೀತಿದ್ರು," ಎಂದು ಬದ್ರೋದ್ದೀನ.

ಭಾರತದ ಫೌಜು ಬಂದು ಪೋಲೀಸ ಆಕ್ಷನ್ ಆಯಿತು. ನಿಜಾಮನ ಫೌಜು ಬಂದೂಕು ಕೆಳಗಿಟ್ಟಿತು. ಬೀದರದ ಚೌಬಾರಾದಲ್ಲಿ ಬಾವುಟ ಹಾರಿತು, ಪೇಢೆ ಹಂಚಿದರು. ಆ ಸಿಹಿ ಬಾಯಲ್ಲಿ ಕರಗುವ ಮೊದಲೇ ಮನೆಗಳು ಹೊತ್ತಿಕೊಂಡವು. ರಜಾಕಾರರು ಓಡಿಹೋಗಿದ್ದರು, ಸಿಕ್ಕವರು ಓಡದೇ ಉಳಿದ ಬಡ ಸಾಬರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಇಲ್ಲಿ ಹಳ್ಳಕ್ಕೆ ಬಿದ್ದದ್ದು ತೋಳವೂ ಅಲ್ಲ. ಬದ್ರೋದ್ದೀನನ ಮನೆ ಸುಟ್ಟುಹೋಯಿತು. ಅವನೂ ಅವನ ಹೆಂಡತಿ ಜಾಹೇದಾಳೂ ಹಳ್ಳದ ದಾರಿ ಹಿಡಿದು ಚಿಂತಾಕಿಗೆ ಬಂದು ಭೀಮಬಾಯಿಯ ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದು ಅಡಗಿದರು. ಕೋಲನ್ನೂ ಹಿಡಿದು ಗೊತ್ತಿಲ್ಲದ ಅವನ ತಮ್ಮ ಮುಜೀಬೋದ್ದೀನನನ್ನು ರಜಾಕಾರನೆಂದು ಹಿಡಿದು ಬೀದರ ಜೇಲಿಗೆ ಹಾಕಿದರು.

ಧೊಂಡಿಬಾ ಆ ದಿನಗಳಲ್ಲಿ ಬಾಗಿಲಲ್ಲೇ ಕೂತು ಮಾಸ್ತರನ ನಿರೋಪಕ್ಕೆ ಕಾದ. 'ನಮ್ಮವರೆಲ್ಲ ಹೋಗಿ ಆ ಮನೆಗಳ ಮುಂದೆ ನಿಲ್ಲಿರಿ' ಎಂದು ಒಂದು ಮಾತು ಬಂದರೆ ಊರೂರಿಗೆ ಮುಟ್ಟಿಸುತ್ತಿದ್ದ. ಆ ಮಾತು ಬರಲಿಲ್ಲ. ಎಲ್ಲ ತಣ್ಣಗಾದ ಮೇಲೆ ಕೇಳಿದ್ದಕ್ಕೆ ಮಾಸ್ತರ, "ಆವಾಗ ನಾವ ಉಳಿಯೋದೇ ಕಠಿಣ ಇತ್ತೋ," ಎಂದ. ಸುಳ್ಳೇನಲ್ಲ ಅದು. ಆದರೂ ಧೊಂಡಿಬಾನ ಮನಸ್ಸಿನಲ್ಲಿ ಏನೋ ಒಂದು ಮುರಿಯಿತು.

ಬಂದ ಸರಕಾರವೂ ಹಳೆಯ ಸರಕಾರವೇ, ಟೊಪ್ಪಿಗೆ ಬೇರೆ ಅಷ್ಟೇ ಎಂದು ಮಾಸ್ತರನ ಸಂಘದವರು ತೀರ್ಮಾನ ಮಾಡಿದರು. ಬಂದೂಕು ಕೆಳಗಿಡಲಿಲ್ಲ. ಔರಾದ ಸೀಮೆಯ ಗುಡ್ಡದಲ್ಲಿ ನರಸಿಂಗನ ದಳ ಉಳಿಯಿತು. ನರಸಿಂಗ ಕುರಿಗಾರರ ಮನೆಯವನೇ, ಮಾತಿಗೊಮ್ಮೆ ನಗುವವನು. ಮಿಲ್ಟ್ರಿಯವರು ಹುಡುಕುತ್ತ ಬಂದರು, ಒಬ್ಬೊಬ್ಬರೇ ಸಿಕ್ಕಿಬಿದ್ದರು. ಸಿಕ್ಕಿಬಿದ್ದಷ್ಟೂ ಉಳಿದವರ ಕಣ್ಣು ಒಬ್ಬರ ಮೇಲೊಬ್ಬರು ತಿರುಗತೊಡಗಿತು. ಮೊದಲು ನಿರೋಪಗಳಲ್ಲಿ ಹೊಲ, ಜೋಳ, ಕೂಲಿ ಎಂಬ ಮಾತುಗಳಿರುತ್ತಿದ್ದವು. ಈಗ ಹೆಸರುಗಳಿರುತ್ತಿದ್ದವು.

ಒಂದು ಸಲ ಧೊಂಡಿಬಾ ಒಬ್ಬ ಪಾಟೀಲನ ಹೆಸರನ್ನೂ 'ಕಳಿ ಕೀಳ್ರಿ', ಅಂದರೆ ಕಳೆ ಕೀಳಿರಿ, ಎಂಬ ಮಾತನ್ನೂ ಒಯ್ದು ನರಸಿಂಗನಿಗೆ ಮುಟ್ಟಿಸಿದ. ಹೊಲದ ಜಗಳವೇನೋ ಎಂದುಕೊಂಡಿದ್ದ. ಮುಂದಿನ ಸಂತೆಯಲ್ಲಿ ಆ ಪಾಟೀಲನ ಹೆಣ ಬಾವಿಯಲ್ಲಿ ತೇಲಿದ ಸುದ್ದಿ ಕೇಳಿದ. ಅವನ ಹೆಂಡತಿ ಬಾಯಿ ಬಡಿದುಕೊಂಡದ್ದನ್ನು ಯಾರೋ ನಟಿಸಿ ತೋರಿಸುತ್ತಿದ್ದರು. ಕಳೆ ಎಂದರೆ ಮನುಷ್ಯ ಎಂಬುದು ಅವತ್ತು ಧೊಂಡಿಬಾನಿಗೆ ತಿಳಿಯಿತು, ರೊಟ್ಟಿ ಮುಟ್ಟದೆ ಮಲಗಿಬಿಟ್ಟ. ಭೀಮಬಾಯಿ ದೃಷ್ಟಿ ತೆಗೆದಳು.

ಅದಾಗಿ ಆರೇಳು ತಿಂಗಳಿಗೆ ಮಾಸ್ತರ ಇವನನ್ನು ಬೀದರಕ್ಕೆ ಕರೆಸಿದ. ಮಾಸ್ತರ ಆಗ ಮೈಲೂರಿನಲ್ಲಿ ಶೇವಂತಾಬಾಯಿ ಎಂಬ ವಿಧವೆಯ ಮನೆಯ ಹಿಂದಿನ ಖೋಲಿಯಲ್ಲಿದ್ದ. ಹೊರಗೆ ಆಕೆ ಜೋಳ ಬೀಸುತ್ತಿದ್ದಳು. ಕಲ್ಲಿನ ಸದ್ದಿನಲ್ಲಿ ಒಳಗಿನ ಮಾತು ಬೀದಿಗೆ ಕೇಳುವುದಿಲ್ಲ ಎಂದು ಆ ಉಪಾಯ. ಬೇರೆ ದಿನ ಮಾಸ್ತರ ಮೊದಲು ಊಟ ವಿಚಾರಿಸುತ್ತಿದ್ದ. ಅವತ್ತು ಬಾಗಿಲು ಹಾಕಿದವನೇ, "ಬಾಯಿ ತೆರಿ," ಎಂದ. ಭಂಡಾರ ಇಟ್ಟ ಬೆರಳು ತಣ್ಣಗಿತ್ತು.

"ನರಸಿಂಗಗ ಹೇಳು. ಭಾಲ್ಕಿ ಟೇಶನ್ನಿನ ಬದ್ರೋದ್ದೀನ. ಕಳಿ ಕೀಳ್ರಿ."

ಧೊಂಡಿಬಾ ನಾಲಿಗೆಯ ಮೇಲಿನ ಅರಿಷಿಣ ನುಂಗಲಾರದೆ ಹಾಗೇ ಇಟ್ಟುಕೊಂಡ. ಆಮೇಲೆ ನುಂಗಿದ.

"ಹೆಸರ ಇನ್ನೊಮ್ಮಿ ಹೇಳ್ರಿ ಮಾಸ್ತರ್ರ."

"ಕೇಳಿಸ್ಯಾದ ನಿನಗ."

"ಯಾಕ್ರಿ? ಏನ ಮಾಡ್ಯಾನ ಅವಾ?"

"ನಿರೋಪದವ ಯಾಕಂತ ಕೇಳಬಾರದು ಅಂತ ನೀನೇ ಹೇಳಿದ್ದಿ." ಮಾಸ್ತರನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. "ಮಿಲ್ಟ್ರಿ ಕಚೇರಿ ಮುಂದ ಅವನ್ನ ನಮ್ಮವರು ನೋಡ್ಯಾರ. ಒಂದ ಸಲ ಅಲ್ಲ. ಅವಾ ಬಂದು ಹೋದಾಗೊಮ್ಮಿ ನಮ್ಮೋರು ಒಬ್ಬರು ಸಿಕ್ಕಿಬೀಳ್ಲಾಕತ್ತಾರ."

"ತಮ್ಮಗ ರೊಟ್ಟಿ ಒಯ್ತಾನ್ರಿ ಅವಾ! ಜೇಲಿಗಿ ಹೋಗಬೇಕಂದ್ರ ಅಲ್ಲಿ ಚೀಟಿ ತಗೋಬೇಕಂತ. ಆ ಗಂಟಿನ ರೊಟ್ಟಿ ನಾನೂ ತಿಂದೀನಿ."

"ರೊಟ್ಟಿ ಒಯ್ಯೋವಗ ಸುದ್ದಿ ಒಯ್ಲಾಕ ಏನ ತ್ರಾಸು?"

"ಕರದು ಕೇಳ್ರಿ ಒಮ್ಮಿ. ನಿಮ್ಮ ಮುಂದ ಅವಾ ಸುಳ್ಳ ಹೇಳಂಗಿಲ್ಲ."

"ಇದೇನ ಲಗ್ನದ ಮಾತುಕತಿ ಅಲ್ಲ ಧೊಂಡಿಬಾ, ಕುಂತು ಕೇಳ್ಲಾಕ. ಕಮಿಟಿ ಫೈಸಲಾ ಆಗ್ಯದ. ಹೊತ್ತಾಗ್ತದ, ನಡಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಇಲ್ಲಿ ಕುರುಡನ ನಾಲಿಗೆ. ಬೀಸುವ ಕಲ್ಲಿನ ಸದ್ದು ದಾಟಿ ಧೊಂಡಿಬಾ ಬೀದಿಗೆ ಬಂದ.

ಬೀದರದಿಂದ ಔರಾದಕ್ಕೆ ನೆಟ್ಟಗಿನ ರಸ್ತೆಯಲ್ಲಿ ಮಿಲ್ಟ್ರಿಯವರು ಬಂಡಿ ನಿಲ್ಲಿಸಿ ತಪಾಸು ಮಾಡುತ್ತಿದ್ದರು. ಅದಕ್ಕೇ ಇವನು ಯಾವಾಗಲೂ ರೈಲಿನಲ್ಲಿ ಭಾಲ್ಕಿಗೆ ಹೋಗಿ, ಅಲ್ಲಿಂದ ಮಾಂಜ್ರಾ ದಾಟಿ ಔರಾದ ಸೀಮೆ ಸೇರುತ್ತಿದ್ದ. ಅವತ್ತು ಭಾಲ್ಕಿ ಬರದೇ ಇರಲಿ ಎಂದು ಬೇಡಿಕೊಂಡ. ಭಾಲ್ಕಿ ಬಂತು. ಡಬ್ಬಿಯ ಬಾಗಿಲಲ್ಲೇ ಬದ್ರೋದ್ದೀನನ ಕೈ ಕಾದಿತ್ತು.

"ಬಾ ಧೊಂಡಿಭಾಯಿ. ಯಾಕ, ಮಾರಿ ಹಿಂಗ್ಯಾಕ ಆಗ್ಯದ? ಜ್ವರಾ ಬಂದಾವೇನ?"

"ಇಲ್ಲ, ಬಿಸಲು."

"ಚಳಿಗಾಲದಾಗ ಬಿಸಲು ನಿನಗೇ ಕಂಡದ ನೋಡು!" ಎಂದು ಬದ್ರೋದ್ದೀನ ನಕ್ಕ. ಆ ದಿನ ಅವನು ಖುಷಿಯಲ್ಲಿದ್ದ. ಮುಜೀಬೋದ್ದೀನನನ್ನು ಬಿಡುತ್ತಾರೆಂದು ಕಚೇರಿಯಲ್ಲಿ ಹೇಳಿದ್ದರು. ಜಾಹೇದಾಳಿಗೆ ದಿನ ತುಂಬಿತ್ತು. ಸುಟ್ಟ ಮನೆಗೆ ಹೊಸ ತಗಡು ಹಾಕಿಸಿದ್ದ. ಅದನ್ನೆಲ್ಲ ಹೇಳುತ್ತ, ಇವನ ಕೈ ಹಿಡಿದು, ಊರ ಹೊರಗಿನ ಬಂಡಿದಾರಿಯ ತನಕ ನಡೆಸಿಕೊಂಡು ಬಂದ. ಕಲ್ಲು ಬಂದಲ್ಲಿ "ಕಲ್ಲು" ಎಂದ, ತಗ್ಗು ಬಂದಲ್ಲಿ "ತಗ್ಗು" ಎಂದ. ತನ್ನನ್ನು ಕೊಲ್ಲುವ ಮಾತನ್ನು ಎಡವಿ ಬೀಳದ ಹಾಗೆ ಜೋಪಾನವಾಗಿ ದಾಟಿಸಿದ.

ಧೊಂಡಿಬಾ ಎರಡು ಸಲ ಬಾಯಿ ತೆರೆದ. ಓಡಿಹೋಗು, ಹೆಂಡತಿ ಕರಕೊಂಡು ಹೈದರಾಬಾದಿಗೆ ಹೋಗಿಬಿಡು ಎನ್ನಬೇಕೆಂದುಕೊಂಡ. ಭಂಡಾರ ಮುಟ್ಟಿದ ನಾಲಿಗೆ ಏಳಲಿಲ್ಲ. ನಮಗೆ ನಿಮಗೆ ಇದು ಹುಚ್ಚು ಅನ್ನಿಸಬಹುದು: ಒಬ್ಬನ ಜೀವಕ್ಕಿಂತ ಒಂದು ಚಿಟಿಕೆ ಅರಿಷಿಣ ಹೆಚ್ಚೇ? ಆದರೆ ಆ ಕುರುಡನಿಗೆ ಲೋಕದಲ್ಲಿ ಇದ್ದದ್ದು ಅದೊಂದೇ ಆಸ್ತಿ. ಆ ಆಣೆ ಮುರಿದರೆ ಅವನು ಮತ್ತೆ ಬರೀ ಕುರುಡ್ಯಾ. ಮುರಿಯದಿದ್ದರೆ ಬದ್ರೋದ್ದೀನ ಹೆಣ. ಅತ್ತ ದರಿ, ಇತ್ತ ಪುಲಿ.

"ನರಸಿಂಗಗ ನನ್ನ ಸಲಾಂ ಹೇಳು," ಎಂದು ಬದ್ರೋದ್ದೀನ ಅವನನ್ನು ಬಂಡಿ ಹತ್ತಿಸಿದ. "ಕೂಸು ಹುಟ್ಟಿದ ಮ್ಯಾಲ ಬಾ ಅನ್ನು, ಸಿಹಿ ತಿನಸ್ತೇನಿ."

ನದಿ ದಾಟಿ ಧೊಂಡಿಬಾ ಔರಾದ ಸೀಮೆಯ ಗುಡ್ಡ ಸೇರಿದ. ದಳದವರು ಕುರಿಗಾರರ ವೇಷದಲ್ಲಿದ್ದರು. ನರಸಿಂಗ ಇವನನ್ನು ಕಂಡು ಎದ್ದು ಬಂದು ನೀರು ಕೊಟ್ಟ.

"ಏನ ನಿರೋಪ, ಕಾಕಾ?"

ಧೊಂಡಿಬಾ ನೀರು ಕುಡಿದು, ಚೆಂಬು ಕೆಳಗಿಟ್ಟ.

"ನಿರೋಪ ಅದ. ಕೊಡಂಗಿಲ್ಲ. ಕೊಟ್ಟವರಿಗೇ ತಿರಗಿ ಕೊಡ್ತೇನಿ. ನಿನಗ ತಿಳಸಬೇಕಿತ್ತು, ಅದಕ್ಕ ಬಂದೀನಿ."

ಬಂದೂಕಿನ ನಳಿಗೆ ಎದೆಗೆ ತಾಗಿತು. ಯಾರೋ ಒಬ್ಬ ಹುಡುಗು ದನಿಯವನು, "ಇವನ್ನ ಯಾರೋ ಖರೀದಿ ಮಾಡ್ಯಾರ," ಎಂದ.

"ಹಿಂದಕ್ಕ ಒಯ್ಯೋ ನಿರೋಪಾ ನಮ್ಮಪ್ಪ ಹೇಳ್ತಿದ್ದ, ಕಣ್ಣಾರೆ ನೋಡಿದ್ದಿಲ್ಲ," ಎಂದ ನರಸಿಂಗ. ನಳಿಗೆ ಸರಿಯಿತು. "ಹೋಗು ಕಾಕಾ. ಮಾಸ್ತರ ಏನ ಅಂತಾರೋ ಅವರೇ ನೋಡ್ಕೊಳ್ಲಿ."

"ಬದ್ರುಭಾಯಿ ನಿನಗ ಸಲಾಂ ಹೇಳ್ಯಾನ."

"ಅವನಂಥ ಮನಷ್ಯಾ ಸಿಗಂಗಿಲ್ಲ ನೋಡು!" ಎಂದು ನರಸಿಂಗ ಮನಸಾರೆ ನಕ್ಕ.

ನಾಲ್ಕು ಮಾತು ಹೇಳಿದ್ದರೆ ಇದೇ ನಗುವ ಬಾಯಿ ಮುಚ್ಚಿಕೊಂಡು, ಇದೇ ಕೈ ಹೋಗಿ ಆ ಕೆಲಸ ಮುಗಿಸಿ ಬರುತ್ತಿತ್ತು. ಅದು ಧೊಂಡಿಬಾನಿಗೆ ಚೆನ್ನಾಗಿ ಗೊತ್ತಿತ್ತು. ಕೋಲು ಊರಿಕೊಂಡು ಗುಡ್ಡ ಇಳಿದ.

ಮೈಲೂರಿನಲ್ಲಿ ಮತ್ತೆ ಬೀಸುವ ಕಲ್ಲು ಸದ್ದು ಮಾಡುತ್ತಿತ್ತು. ಒಳಗೆ ಮಾಸ್ತರನ ಜೊತೆ ಕಾಶೀರಾಮನೆಂಬ ಕಮಿಟಿಯವನೂ ಇದ್ದ. ಫೈಸಲಾ ಮಾಡಿ ನಿರೋಪ ಕೊಟ್ಟವರಲ್ಲಿ ಅವನೂ ಒಬ್ಬ.

"ನಿಮ್ಮ ನಿರೋಪ ನಿಮಗ," ಎಂದ ಧೊಂಡಿಬಾ. "ಭಾಲ್ಕಿ ಟೇಶನ್ನಿನ ಬದ್ರೋದ್ದೀನ. ಕಳಿ ಕೀಳ್ರಿ. ತಗೊಳ್ರಿ, ಹಿಂದಕ್ಕ ಕೊಟ್ಟೀನಿ."

"ತಲಿ ಕೆಟ್ಟದೇನ ನಿಂದು?" ಮಾಸ್ತರ ಎದ್ದು ನಿಂತ. "ಪಾರ್ಟಿ ಹುಕುಂ ಅದ!"

"ಅವಾ ನನ್ನ ದೋಸ್ತ ಅಂತ ಹೇಳ್ಲಾಕತ್ತಿಲ್ರಿ. ಗುರ್ತಿಲ್ಲದವನ ಹೆಸರ ಇದ್ದಿದ್ರೂ ಇನ್ನ ಮ್ಯಾಲ ನಾ ಒಯ್ಯಂಗಿಲ್ಲ. ಪಾಟೀಲಂದು ಒಯ್ದೀನಿ, ಗೊತ್ತಿಲ್ದ. ಆ ಪಾಪ ತೊಳ್ಯಂಗಿಲ್ಲ. ಭಾಲ್ಕಿಯಾಗ ಮನಿ ಸುಡ್ಲಾಕತ್ತಿದ್ದ ದಿವಸ ಬಾಗಲದಾಗ ಕುಂತು ನಿಮ್ಮ ನಿರೋಪದ ದಾರಿ ನೋಡೀನಿ. ಉಳಸ್ರಿ ಅನ್ನೋ ಮಾತ ಆವಾಗ ನಿಮ್ಮ ಬಾಯಾಗ ಬರಲಿಲ್ಲ. ಈಗ ಕೊಲ್ರಿ ಅನ್ನೋದು ಹ್ಯಾಂಗ ಬಂತ್ರಿ ಇಷ್ಟ ಲಗೂ? ಇದಕ್ಕೇನ ನಾ ಕಾಮ್ರೇಡ್ ಆದದ್ದು?"

ಮಾಸ್ತರ ಬಾಗಿಲು ತೆರೆದು, "ನಡಿ ಹೊರಗ," ಎಂದ. ಕಾಶೀರಾಮ ಮೆಲ್ಲಗೆ, "ಇನ್ನೊಬ್ಬರ ಕೈಲೆ ಕಳಸಿದ್ರಾಯ್ತು. ಇವಂದೂ ವಿಚಾರ ಮಾಡಬೇಕಾಗ್ತದ," ಎಂದದ್ದು ಕುರುಡನ ಕಿವಿಗೆ ಬಿತ್ತು.

ಧೊಂಡಿಬಾ ಚಿಂತಾಕಿಗೆ ಹೋಗಲಿಲ್ಲ. ಭಾಲ್ಕಿ ಟೇಶನ್ನಿನಲ್ಲಿ ಕಂಬಳಿ ಹಾಸಿ ಕೂತುಬಿಟ್ಟ. ಹೇಳುವ ಹಾಗಿಲ್ಲ ಸರಿ, ಕೂಡುವುದಕ್ಕೆ ಯಾವ ಆಣೆ ಅಡ್ಡ? ಬರುವವರು ತನ್ನನ್ನು ದಾಟಿ ಬರಲಿ ಎಂದು ಪ್ರತಿಯೊಂದು ಹೆಜ್ಜೆಗೂ ಕಿವಿಗೊಟ್ಟು ಕೂತ. ಅಪರಿಚಿತ ಯಾರಾದರೂ ಬದ್ರೋದ್ದೀನನ ಹೆಸರು ಕೇಳಿದರೆ ಎದ್ದು ಹೋಗಿ ನಡುವೆ ನಿಲ್ಲುತ್ತಿದ್ದ. "ಇಲ್ಲೇ ಅಂಗಡಿ ಇಟ್ಟಿ ಏನೋ ಮಾರಾಯ," ಎಂದು ಬದ್ರೋದ್ದೀನ ಚಹಾ ತಂದುಕೊಟ್ಟು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಬದ್ರೋದ್ದೀನನ ಹೆಜ್ಜೆ ಬಂದು ಇವನ ಮುಂದೆ ನಿಂತಿತು. ಚಹಾದ ವಾಸನೆ ಇರಲಿಲ್ಲ.

"ನರಸಿಂಗ ಸತ್ತ," ಎಂದ. "ಮಿಲ್ಟ್ರಿಯವರು ಗುಡ್ಡಾ ಸುತ್ತಹಾಕಿ ಎಲ್ಲಾರನ್ನೂ ಹೊಡದ್ರಂತ. ನೀ ಹೋಗಿ ಬಂದ ಮರುದಿವಸನೇ."

ಧೊಂಡಿಬಾ ಕೋಲಿಗಾಗಿ ತಡಕಾಡಿದ.

"ಮಾಸ್ತರ ಹೇಳಿ ಕಳಸ್ಯಾರ. ನೀ ನಿರೋಪ ಮುಟ್ಟಸಲಿಲ್ಲಂತ. ಮಿಲ್ಟ್ರಿ ಬರ್ತದ, ಓಡ್ರಿ ಅನ್ನೋ ನಿರೋಪ ಅದು. ಹೊಟ್ಟ್ಯಾಗ ಇಟ್ಕೊಂಡು ಬಂದೀಯಂತ. ಖರೇ ಏನ?"

ಅದು ಸುಳ್ಳು, ಶುದ್ಧ ಸುಳ್ಳು. ದಳದ ಜಾಗ ಯಾರು ತೋರಿಸಿದರೋ ಯಾರಿಗೂ ತಿಳಿಯಲಿಲ್ಲ. ಕುರುಡನ ಬೆನ್ನು ಹತ್ತಿಯೇ ಬಂದರೋ, ಯಾವನೋ ಹೆದರಿದವನು ಹೇಳಿದನೋ. ಮಾಸ್ತರನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಯಾರಾದರೊಬ್ಬರ ಹೆಸರು ಬೇಕಿತ್ತು, ಬಾಯಿ ಬಿಡಲಾರದವನ ಹೆಸರಾದರೆ ಇನ್ನೂ ಅನುಕೂಲ. ಬದ್ರೋದ್ದೀನನ ಮೇಲೆ ಇದ್ದ ಸಂಶಯವನ್ನು ಎತ್ತಿ ಇವನ ತಲೆಗೆ ಕಟ್ಟಿದರು. ಇದರಿಂದ ಬದ್ರೋದ್ದೀನ ಉಳಿದ, ಅದೂ ನಿಜ.

"ನಿರೋಪ ಮುಟ್ಟಸಲಿಲ್ಲ, ಖರೇ," ಎಂದ ಧೊಂಡಿಬಾ. "ಓಡ್ರಿ ಅನ್ನೋದು ಅದರಾಗ ಇರಲಿಲ್ಲ."

"ಮತ್ತೇನಿತ್ತು?"

ಎದುರಿಗೆ ನಿಂತವನ ಉಸಿರು ಇವನ ಮುಖಕ್ಕೆ ತಾಗುತ್ತಿತ್ತು.

"ಹೇಳಂಗಿಲ್ಲ, ಬದ್ರುಭಾಯಿ."

ಬದ್ರೋದ್ದೀನ ಉಗುಳಿದ. "ಗದ್ದಾರ," ಎಂದ. ಸಾಯಲಿದ್ದವನು, ಉಳಿಸಿದವನನ್ನು ದ್ರೋಹಿ ಎಂದು ಕರೆದು ಹೊರಟುಹೋದ.

ಆಮೇಲಿನದು ಊರಿಗೆಲ್ಲ ಗೊತ್ತಿರುವ ಕತೆ. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಚಿಂತಾಕಿಯಲ್ಲಿ ಕಂಬಳಿ ಕೊಳ್ಳುವವರು ಮುಖ ತಿರುಗಿಸಿದರು. ಯಾರ ಮನೆಯವರೂ ಇವನ ನಾಲಿಗೆಗೆ ನಿರೋಪ ಕೊಡಲಿಲ್ಲ. ಭೀಮಬಾಯಿ ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಒಂದು ದಿನ ಹಟ್ಟಿಯ ಬಾಗಿಲಲ್ಲಿ ಕೊರಳು ಕೊಯ್ದ ಟಗರು ಬಿದ್ದಿತ್ತು. ಮುಂದಿನದು ನಿನ್ನ ಕೊರಳು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಂದಿನಿಂದ ಆ ತಾಯಿ ಬಾಗಿಲಿಗೆ ಅಡ್ಡ ಮಲಗತೊಡಗಿದಳು.

ಪೋಲೀಸರೂ ಬಂದರು. "ನೀನು ನಮ್ಮ ಮನುಷ್ಯ ಎಂದು ಊರೆಲ್ಲ ಹೇಳುತ್ತದಲ್ಲ, ಉಳಿದವರ ಹೆಸರೂ ಹೇಳಿಬಿಡು, ಸರಕಾರದಿಂದ ಹೊಲ ಕೊಡಿಸುತ್ತೇನೆ" ಎಂದ ಠಾಣೆಯ ಅಮೀನ. ಧೊಂಡಿಬಾ ಮಾಸ್ತರನ ಖೋಲಿಯಿಂದ ಹಿಡಿದು ಎಲ್ಲರ ಅಡಗುದಾಣವನ್ನೂ ಬಲ್ಲವನು. "ನನ್ನ ಬಾಯಾಗಿನ ಮಾತು ನಿಮ್ಮ ಹೆಸರಿಗಿ ಕೊಟ್ಟದ್ದಲ್ರಿ ಸಾಹೇಬರ," ಎಂದಷ್ಟೇ ಹೇಳಿದ. ಔರಾದ ಠಾಣೆಯಲ್ಲಿ ಅಂಗಾಲು ಒಡೆಯುವ ಹಾಗೆ ಬಡಿದರು. ಏನೂ ಹೊರಡದೇ ಇದ್ದಾಗ ಬಿಟ್ಟರು. ಬಿಟ್ಟದ್ದೇ ತಪ್ಪಾಯಿತು. ಸರಕಾರದವನಲ್ಲದಿದ್ದರೆ ಬಿಡುತ್ತಿದ್ದರೇ ಎಂದು ಊರು ತಲೆಯಾಡಿಸಿತು.

ಸಂತೆ ಇರಲಿ ಬಿಡಲಿ, ಅವನು ಭಾಲ್ಕಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಕುಂಟುತ್ತ ಹೋಗಿ ಟೇಶನ್ನಿನ ಬೇಲಿಯ ಹೊರಗೆ ಕೂಡುತ್ತಿದ್ದ. ಗ್ಯಾಂಗಿನವರು ಹಳಿ ಎತ್ತುವಾಗ ಹಾಡಿನಂತೆ ಕೂಗುತ್ತಾರಲ್ಲ, ಅದರಲ್ಲಿ ಬದ್ರೋದ್ದೀನನ ದನಿ ಕೇಳಿತೆಂದರೆ ಎದ್ದು ಮನೆಗೆ ಬರುತ್ತಿದ್ದ. ಒಂದು ಸಲ ಆ ದನಿ ಕೇಳಲಿಲ್ಲ. ಅವತ್ತು ಅವನು ಹುಚ್ಚನ ಹಾಗೆ ಸಿಕ್ಕವರನ್ನೆಲ್ಲ ಕೇಳಿದ. ಬದ್ರೋದ್ದೀನ ಮಗಳ ನಾಮಕರಣಕ್ಕೆ ರಜೆ ಹಾಕಿದ್ದಾನೆ ಎಂದು ಯಾರೋ ಹೇಳಿದ ಮೇಲೆ ಅಲ್ಲೇ ಕುಸಿದು ಕೂತ.

ಕಡೆಗೆ ಸಂಘದವರು ಬಂದೂಕು ಕೆಳಗಿಟ್ಟರು. ದೇಶದಲ್ಲಿ ಚುನಾವಣೆ ಬಂತು. ಬಚ್ಚಿಟ್ಟುಕೊಂಡಿದ್ದವರೆಲ್ಲ ಹೊರಗೆ ಬಂದರು. ಜ್ಞಾನೇಶ್ವರ ಮಾಸ್ತರ ಭಾಲ್ಕಿಗೆ ಬರುತ್ತಾನೆಂದು ಟೇಶನ್ನಿನಲ್ಲಿ ಹಲಗೆ ಬಾರಿಸಿದರು. ಧೊಂಡಿಬಾನಿಗೆ ಬಹಳ ದಿನಗಳ ಮೇಲೆ ಆಸೆ ಹುಟ್ಟಿತು. ಹೆದರಿಕೆಯ ಕಾಲ ಮುಗಿದಿದೆ, ಮಾಸ್ತರ ಕೆಟ್ಟವನಲ್ಲ, ಅವನ ಮಾತನ್ನು ಅವನೇ ಹೇಳಿದರೆ ಯಾವ ಆಣೆಯೂ ಮುರಿಯುವುದಿಲ್ಲ ಎಂದು ಅವ್ವನಿಗೆ ಹೇಳಿ ಒಗೆದ ಅಂಗಿ ಹಾಕಿಕೊಂಡು ಹೋದ.

ರೈಲು ನಿಂತಿತು. ಚೆಂಡುಹೂವಿನ ವಾಸನೆ, ಜೈಕಾರ, ತಳ್ಳಾಟ. ಎಲ್ಲಕ್ಕಿಂತ ಮುಂದೆ ಘೋಷಣೆ ಕೂಗುತ್ತಿದ್ದ ದನಿ ಬದ್ರೋದ್ದೀನನದು. ಧೊಂಡಿಬಾ ಕೋಲಿನಿಂದ ದಾರಿ ಮಾಡಿಕೊಂಡು ಆ ದನಿಯ ಹತ್ತಿರಕ್ಕೇ ಹೋದ. ಗುರುತು ಹಿಡಿದವರು ಗೊಣಗುತ್ತ ಸರಿದು ನಿಂತರು. ಜೈಕಾರ ತಾನಾಗಿ ನಿಂತಿತು.

"ಮಾಸ್ತರ್ರ, ನಾ ಧೊಂಡಿಬಾ," ಎಂದ. "ನಿಮ್ಮ ಮಾತ ನಾ ಇವತ್ತಿಗೂ ಯಾರಿಗೂ ಹೇಳಿಲ್ರಿ. ನೀವೇ ಹೇಳ್ರಿ. ಅವಾ ಇಲ್ಲೇ ನಿಂತಾನ."

ಮಾಸ್ತರ ಕೆಮ್ಮಿದ. ಆ ಕೆಮ್ಮು ಇವನಿಗೆ ಗುರುತಿನದು. ಭಂಡಾರ ಇಡುವ ಮೊದಲು ಹಾಗೆಯೇ ಕೆಮ್ಮುತ್ತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಧೊಂಡಿಬಾ ಮುಖ ಎತ್ತಿ ನಿಂತ.

"ಯಾರಪಾ ಇವ್ರು?" ಎಂದ ಮಾಸ್ತರ, ಸುತ್ತಲಿನವರಿಗೆ ಕೇಳುವ ಹಾಗೆ. "ಕಣ್ಣಿಲ್ಲ ಪಾಪ. ಗದ್ದಲದಾಗ ಸಿಕ್ಕೊಂಡ ಬಿದ್ದಾರು, ಆ ಕಡಿ ಕೂಡಸ್ರಿ."

ಒಂದು ಕೈ ಬಂದು ಇವನ ಮಣಿಕಟ್ಟು ಹಿಡಿಯಿತು. ಹಾರೆ ಹಿಡಿದು ದಡ್ಡುಗಟ್ಟಿದ ಅಂಗೈ. ಹಿಡಿದವನು ಮಾತಾಡದೆ ಎಳೆದುಕೊಂಡು ನಡೆದ. ಈಗ ಕಲ್ಲು ಬಂದರೆ ಕಲ್ಲು ಎನ್ನಲಿಲ್ಲ, ತಗ್ಗು ಬಂದರೆ ತಗ್ಗು ಎನ್ನಲಿಲ್ಲ. ಧೊಂಡಿಬಾ ಎರಡು ಕಡೆ ಎಡವಿದ. ಪ್ಲಾಟ್‌ಫಾರ್ಮಿನ ಕೊನೆಗೆ ತಂದು ನೆಲಕ್ಕೆ ಕುಕ್ಕಿದ ಮೇಲೆ ಆ ಕೈ ಬಿಟ್ಟಿತು.

"ಇಲ್ಲೇ ಬಿದ್ದಿರು, ಗದ್ದಾರ," ಎಂದ ಬದ್ರೋದ್ದೀನ. "ಇನ್ನೊಮ್ಮಿ ನನ್ನ ಕಣ್ಣಿಗಿ ಬಿದ್ರ ನಾನೇ ನಿನ್ನ ಕೊಂದು ಹಾಕ್ತೇನಿ."

ಅಲ್ಲೇ ಎಲ್ಲೋ ಒಂದು ಹೆಣ್ಣುಕೂಸು "ಅಬ್ಬಾ" ಎಂದು ಕೂಗಿತು. "ಬಂದೆ ಬೇಟಾ," ಎಂದು ಅವನು ಓಡಿದ. ಧೊಂಡಿಬಾನಿಗೆ ಅಳು ತಡೆಯಲಾಗಲಿಲ್ಲ. ಮೋಸ ಹೋದದ್ದಕ್ಕೆ ಅತ್ತ, ನಾಚಿಕೆಯಾಗಿ ಅತ್ತ. ಆದರೆ ಆ ಕೈ ಬಿಸಿ ಇತ್ತು, ಅದರೊಳಗೆ ನಾಡಿ ಹೊಡೆಯುತ್ತಿತ್ತು, ಅದನ್ನು ಹಿಡಿದು ನಡೆಯಲು ಒಂದು ಕೂಸು ಇತ್ತು. ಅದಕ್ಕಾಗಿ ಅವನಿಗೆ ಆದ ಸಂತೋಷ ಇನ್ನಾವುದಕ್ಕೂ ಆಗಿರಲಿಲ್ಲ. ಜೈಕಾರ ಮತ್ತೆ ಶುರುವಾಗಿ, ಮೆರವಣಿಗೆ ಊರೊಳಗೆ ಹೋಗುವ ತನಕ ಅವನು ಬದ್ರೋದ್ದೀನ ಹಿಡಿದಿದ್ದ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತಿದ್ದ.